ಕರಿಕೋಳಿಯ ಕಪ್ಪು ಮತ್ತು ಹಿತ್ತಲಿನ ವಂಶವಾಹಿಗಳು

ಮಧ್ಯಪ್ರದೇಶದ ಝಾಬುವಾ ಸೀಮೆಯನ್ನು ತವರಾಗಿ ಉಳ್ಳ, 2018ರಲ್ಲಿ ತನ್ನ ಮಾಂಸಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಡಕ್‌ನಾಥ್ ಕೋಳಿಯ ವೈಶಿಷ್ಟ್ಯವಿರುವುದು ಗರಿಗಿಂತ ಹೆಚ್ಚಾಗಿ ಒಡಲಿನಲ್ಲಿ: ಚರ್ಮ, ಮಾಂಸ, ಮೂಳೆಯ ಹೊರಪೊರೆಗಳೆಲ್ಲ ಕಪ್ಪಾಗಿದ್ದರೂ ಗರಿಯಲ್ಲಿ ಅಚ್ಚಕಪ್ಪು, ಬಿಳಿಗೆರೆ, ಹೊಂಬಣ್ಣ ಎಂಬ ಮೂರು ಬಗೆಗಳಿವೆ. ಬೆಂಗಳೂರಿನ ರಾಜಾಜಿನಗರ, ವಿಜಯನಗರಗಳ ಇಕ್ಕಟ್ಟಾದ ನಿವೇಶನಗಳಿಗಿಂತ ಕೆಂಗೇರಿಯಾಚೆಗಿನ ಹಿತ್ತಲುಗಳು ಇದರ ಸಾಕಣೆಗೆ ಅನುಕೂಲವಾದರೂ, ನಾಟಿ ಕೋಳಿಗಳ ಜೊತೆಯಲ್ಲೇ ಬಿಟ್ಟು ಬೆಳೆಸಿದರೆ ಈ ಕಪ್ಪು ಮುಂದಿನ ಪೀಳಿಗೆಗೆ ಪೂರ್ಣವಾಗಿ ದಾಟುವುದಿಲ್ಲ.

ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯವನ್ನು ತಯಾರಿಸುವ ಕೋಶಗಳು ಸಾಮಾನ್ಯ ಕೋಳಿಯ ಭ್ರೂಣದಲ್ಲಿ ಮುಖ್ಯವಾಗಿ ಚರ್ಮದ ಮೇಲ್ಪದರ ಮತ್ತು ಗರಿಗಳಿಗೆ ಸೀಮಿತವಾಗಿರುತ್ತವೆ. ಕರಿಕೋಳಿಯಲ್ಲಾದರೋ 20ನೆಯ ವರ್ಣತಂತುವಿನ ಒಂದು ಭಾಗ ಇಮ್ಮಡಿಗೊಂಡು, ಅದರಲ್ಲಿರುವ ಇಡಿಎನ್3 ಎಂಬ ವಂಶವಾಹಿ ಹೆಚ್ಚು ಚುರುಕಾಗುವುದರಿಂದ, ಆ ಕೋಶಗಳು ಅತಿಯಾಗಿ ವೃದ್ಧಿಸಿ ಒಳ ಅಂಗಾಂಶಗಳಿಗೂ ಹರಡುತ್ತವೆ. ಈ ಗುಣ ಪ್ರಬಲವಾದದ್ದು, ಎಂದರೆ ತಂದೆ ತಾಯಿಗಳಲ್ಲಿ ಒಬ್ಬರಿಂದ ಬಂದರೂ ಪ್ರಕಟಗೊಳ್ಳಬಲ್ಲದ್ದು.

ಆದರೆ ಚರ್ಮದ ಕಪ್ಪನ್ನು ಅದುಮುವ ಇನ್ನೊಂದು ವಂಶವಾಹಿ ಝಡ್ ಎಂಬ ಲಿಂಗ ವರ್ಣತಂತುವಿನಲ್ಲಿದೆ. ಹುಂಜಕ್ಕೆ ಎರಡು ಝಡ್‌ಗಳಿದ್ದರೆ ಹೇಂಟೆಗೆ ಒಂದೇ ಇದ್ದು, ಅದನ್ನು ಅದು ಗಂಡುಮರಿಗಳಿಗೆ ಮಾತ್ರ ಕೊಡುತ್ತದೆ. ಹೆಣ್ಣುಮರಿಯ ಝಡ್ ಬರುವುದು ತಂದೆಯಿಂದ. ಆದ್ದರಿಂದ ಕರಿಹುಂಜವನ್ನು ಈ ನಿರೋಧಕವುಳ್ಳ ಹಳದಿ ಕಾಲಿನ ಹೇಂಟೆಯೊಂದಿಗೆ ಕೂಡಿಸಿದಾಗ ಹೆಣ್ಣುಮರಿಗಳು ಕಪ್ಪಾಗಿಯೂ ಗಂಡುಮರಿಗಳು ತಿಳಿಯಾಗಿಯೂ ಹುಟ್ಟುತ್ತವೆ. ಚೀನಾ ಮೂಲದ ಸಿಲ್ಕಿ ಕೋಳಿಯ ಕುರಿತು ಬೇಟ್ಸನ್ ಮತ್ತು ಪನೆಟ್ 1911ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ವೈಚಿತ್ರ್ಯವನ್ನು ವಿವರಿಸಿತ್ತು. ಜೋಡಿಯನ್ನು ತಿರುವುಮುರುವು ಮಾಡಿ, ಹೆಬ್ಬಾಳದಲ್ಲಿ ಅಭಿವೃದ್ಧಿಗೊಂಡ ಗಿರಿರಾಜದಂಥ ಹುಂಜದ ಎರಡೂ ಝಡ್‌ಗಳಲ್ಲಿ ನಿರೋಧಕವಿದ್ದು ಅದನ್ನು ಕಡಕ್‌ನಾಥ್ ಹೇಂಟೆಯೊಂದಿಗೆ ಬಿಟ್ಟರೆ, ಮರಿಗಳೆಲ್ಲವೂ ತಿಳಿಯಾಗುತ್ತವೆ.

ಹೇಂಟೆಯು ಒಮ್ಮೆ ಪಡೆದ ವೀರ್ಯಾಣುಗಳನ್ನು ಅಂಡನಾಳದ ಸೂಕ್ಷ್ಮ ನಳಿಕೆಗಳಲ್ಲಿ ಸುಮಾರು ಎರಡು ವಾರಗಳ ಕಾಲ ಜೀವಂತವಾಗಿ ಕಾಪಿಡಬಲ್ಲದ್ದರಿಂದ, ಬೇರೆ ಹುಂಜಗಳಿಂದ ಅದನ್ನು ಮೂರು ವಾರವಾದರೂ ಅಗಲಿಸಿಟ್ಟ ಮೇಲಷ್ಟೇ ಮರಿಗಾಗಿ ಮೊಟ್ಟೆ ಕೂಡಿಡುವುದು ಕ್ಷೇಮ. ಮೊಟ್ಟೆ ನೋಡಿ ತಳಿಯನ್ನು ಗುರುತಿಸುವಂತಿಲ್ಲ, ಏಕೆಂದರೆ ಕಡಕ್‌ನಾಥ್ ಮೊಟ್ಟೆಯ ಚಿಪ್ಪು ಕಪ್ಪಲ್ಲ, ತಿಳಿಗಂದು. ಈ ತಳಿಯ ಹೇಂಟೆ ಕಾವಿಗೆ ಕೂರುವುದು ಅಪರೂಪವಾದ್ದರಿಂದ ಮೊಟ್ಟೆಗಳನ್ನು ನಾಟಿ ಹೇಂಟೆಯ ಕೆಳಗಿಡುವುದು ರೂಢಿ. ಕಾವುಪೆಟ್ಟಿಗೆಯಾದರೆ ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಭ್ರೂಣವು ಪೊರೆಗೆ ಅಂಟಿಕೊಳ್ಳದಂತೆ ದಿನಕ್ಕೆ ಹಲವು ಬಾರಿ ಮೊಟ್ಟೆಯನ್ನು ಹೊರಳಿಸಿ, 18ನೆಯ ದಿನದಿಂದ ಹೊರಳಿಸುವುದನ್ನು ನಿಲ್ಲಿಸಿ ತೇವಾಂಶ ಹೆಚ್ಚಿಸಿದರೆ, 21ನೆಯ ದಿನದ ಹೊತ್ತಿಗೆ ಮರಿ ಚಿಪ್ಪೊಡೆಯುತ್ತದೆ.

ಮಿಶ್ರತಳಿಯ ಕಪ್ಪು ಹೇಂಟೆಯನ್ನು ಶುದ್ಧ ಕರಿಹುಂಜಕ್ಕೆ ಮತ್ತೆ ಕೂಡಿಸಿದರೆ ಮರಿಗಳೆಲ್ಲ ಕಪ್ಪಾಗುವುದಾದರೂ, ಅವುಗಳಲ್ಲಿ ಸರಾಸರಿ ಅರ್ಧದಷ್ಟಕ್ಕೆ ಕಪ್ಪಿನ ವಂಶವಾಹಿಯ ಒಂದೇ ಪ್ರತಿ ದಕ್ಕಿರುತ್ತದೆ. ಇವನ್ನು ಶುದ್ಧ ಮರಿಗಳಿಂದ ಬರಿಗಣ್ಣಿನಿಂದ ಬೇರ್ಪಡಿಸುವುದು ಕಷ್ಟ. ಇಂತಹ ಹಕ್ಕಿಯನ್ನು, ನಿರೋಧಕವೂ ಕರಿಗುಣವೂ ಇಲ್ಲದ ಸಾಮಾನ್ಯ ಕೋಳಿಯೊಂದಿಗೆ ಕೂಡಿಸಿ ನೋಡುವುದಕ್ಕೆ ಪರೀಕ್ಷಾ ಸಂಕರಣವೆಂದು ಹೆಸರು. ಆ ಮರಿಗಳಲ್ಲಿ ತಿಳಿಚರ್ಮದ್ದೊಂದು ಕಾಣಿಸಿಕೊಂಡರೂ ಹಕ್ಕಿ ಶುದ್ಧವಲ್ಲವೆಂಬುದು ಖಚಿತವಾಗುವುದರಿಂದ, ಕರಿಕೋಳಿಯ ಸಂತಾನವನ್ನು ಉಳಿಸಬಯಸುವವರಿಗೆ ಹಕ್ಕಿಯ ಮೈಬಣ್ಣಕ್ಕಿಂತ ಅದರ ಮರಿಗಳ ದಾಖಲೆಯೇ ಹೆಚ್ಚು ನಂಬಿಕೆಗೆ ಅರ್ಹವಾದದ್ದು.