ಚರ್ಮದ ದಾರಿಯಲ್ಲಿ ಬರುವ ವಿಷ

ಬೆಳೆಗೆ ಕೀಟನಾಶಕ ಸಿಂಪಡಿಸುವುದಕ್ಕೆ ನಾಡಿನ ಹಳ್ಳಿಗಳಲ್ಲಿ ‘ಔಷಧಿ ಹೊಡೆಯುವುದು’ ಎನ್ನುತ್ತಾರೆ. ಹೆಸರು ಸೌಮ್ಯವಾದ್ದರಿಂದಲೋ ಏನೋ, ಅದರ ಬಗ್ಗೆ ಭಯವೂ ಕಡಿಮೆ. ಬಾಯಿಗೆ ಹೋಗದಿದ್ದರೆ ಸಾಕು, ಮೈಮೇಲೆ ಬಿದ್ದದ್ದನ್ನು ಸಂಜೆ ಸ್ನಾನದಲ್ಲಿ ತೊಳೆದುಕೊಂಡರಾಯಿತು ಎಂಬ ನಂಬಿಕೆ ಹಲವರದು.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸುತ್ತಿದ್ದ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಅವರು ವಿಷ ಕುಡಿದವರಲ್ಲ. ಗಿಡಗಳು ಎತ್ತರಕ್ಕೆ ಬೆಳೆದಿದ್ದರಿಂದ ಸಿಂಪಡಿಸಿದ ಹನಿ ಮೈಮುಖದ ಮೇಲೆಯೇ ಬೀಳುತ್ತಿತ್ತು. ಉಸಿರು ಮತ್ತು ಚರ್ಮದ ಮೂಲಕ ವಿಷ ದೇಹ ಹೊಕ್ಕಿತ್ತು.

ಇಟ್ಟಿಗೆ ಮತ್ತು ಗಾರೆ

ಚರ್ಮದ ಅತ್ಯಂತ ಹೊರಗಿನ ಪದರ ಸತ್ತ ಜೀವಕೋಶಗಳಿಂದಾದದ್ದು. ದೇಹದ ಬಹುಭಾಗದಲ್ಲಿ ಅದರ ದಪ್ಪ ಮಿಲಿಮೀಟರಿನ ನೂರನೇ ಒಂದೆರಡು ಭಾಗವಷ್ಟೆ. ಕೋಶಗಳನ್ನು ಇಟ್ಟಿಗೆ ಎಂದುಕೊಂಡರೆ, ಅವುಗಳ ನಡುವಿನ ಕೊಬ್ಬು ಗಾರೆಯಿದ್ದಂತೆ. ನೀರು ಈ ಗೋಡೆಯನ್ನು ಸುಲಭವಾಗಿ ದಾಟದು. ಆದರೆ ಕೊಬ್ಬಿನಲ್ಲಿ ಕರಗುವ ರಾಸಾಯನಿಕಕ್ಕೆ ಆ ಗಾರೆಯೇ ದಾರಿ. ಹಲವು ಕೀಟನಾಶಕಗಳು ಇಂಥವೇ. ಬಿಸಿಲು, ಬೆವರು, ಒದ್ದೆ ಬಟ್ಟೆ, ಗಾಯ ಇವೆಲ್ಲ ಆ ದಾರಿಯನ್ನು ಇನ್ನಷ್ಟು ಸುಗಮಗೊಳಿಸುತ್ತವೆ.

ದೇಹದ ಎಲ್ಲ ಭಾಗವೂ ಒಂದೇ ರೀತಿಯಲ್ಲಿ ಹೀರುವುದಿಲ್ಲ. ಅಮೆರಿಕದ ಚರ್ಮತಜ್ಞ ಹೊವಾರ್ಡ್ ಮೈಬಾಕ್ ಮತ್ತು ಸಂಗಡಿಗರು 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ಯಾರಾಥಿಯಾನ್ ಎಂಬ ಕೀಟನಾಶಕದ ಅತ್ಯಲ್ಪ ಪ್ರಮಾಣವನ್ನು ಚರ್ಮಕ್ಕೆ ಲೇಪಿಸಿ ಅಳೆಯಲಾಯಿತು. ಮುಂಗೈ ಹೀರಿದ್ದು ಸುಮಾರು ಶೇ 9, ಹೊಟ್ಟೆ ಶೇ 18, ಹಣೆ ಶೇ 36, ಕಂಕುಳು ಶೇ 64. ವೃಷಣಚೀಲದ ಚರ್ಮವಂತೂ ಬಹುತೇಕ ಎಲ್ಲವನ್ನೂ ಹೀರಿತು. ವಿಷ ತಾಗಿದ ಕೈಯಿಂದ ಹಣೆಯ ಬೆವರು ಒರೆಸಿಕೊಳ್ಳುವುದು, ಬೆನ್ನಿನ ಪಂಪು ಸೋರಿ ಸೊಂಟದ ಕೆಳಗೆ ಬಟ್ಟೆ ನೆನೆಯುವುದು ಎಷ್ಟು ಅಪಾಯಕರ ಎಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ.

ಕೀಟನಾಶಕ, ಯುದ್ಧಾಸ್ತ್ರ

ಪ್ಯಾರಾಥಿಯಾನ್ ಆರ್ಗನೋಫಾಸ್ಫೇಟ್ ಗುಂಪಿಗೆ ಸೇರಿದ್ದು. ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಕೆಲಸ ಮುಗಿದೊಡನೆ ಒಡೆಯಲು ಒಂದು ಕಿಣ್ವವಿದೆ. ಈ ಗುಂಪಿನ ವಿಷಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಗ ಜೊಲ್ಲು, ಬೆವರು ಸುರಿಯುತ್ತದೆ; ಕಣ್ಣಪಾಪೆ ಕುಗ್ಗುತ್ತದೆ; ವಾಂತಿ, ಸ್ನಾಯುಗಳ ಅದುರು ಶುರುವಾಗಿ ಕೊನೆಗೆ ಉಸಿರೇ ನಿಲ್ಲಬಹುದು. ಜರ್ಮನಿಯ ಗೆರ್‌ಹಾರ್ಡ್ ಶ್ರಾಡರ್ ಹೊಸ ಕೀಟನಾಶಕ ಹುಡುಕುತ್ತಿದ್ದಾಗಲೇ 1936ರಲ್ಲಿ ಟಾಬುನ್ ಎಂಬ ಯುದ್ಧವಿಷ ಸಿಕ್ಕಿತು. 2017ರಲ್ಲಿ ಕೌಲಾಲಂಪುರ ವಿಮಾನ ನಿಲ್ದಾಣದಲ್ಲಿ ಕಿಮ್ ಜಾಂಗ್ ನಾಮ್ ಅವರ ಮುಖಕ್ಕೆ ಸವರಿ ಕೊಂದ ವಿಎಕ್ಸ್ ಸಹ ಇದೇ ವಂಶದ್ದು.

ಮೊದಲ ನಿಮಿಷಗಳು

ವಿಷ ಮೈಮೇಲೆ ಬಿದ್ದಾಗ ಮೊದಲು ಮಾಡಬೇಕಾದದ್ದು ಬಟ್ಟೆ ಕಳಚುವುದು. ಮೈಗೆ ಅಂಟಿದ ವಿಷದ ಬಹುಪಾಲು ಬಟ್ಟೆಯಲ್ಲೇ ಇರುತ್ತದೆ. ಅನಂತರ ಸಾಬೂನು ಹಾಗೂ ಧಾರಾಳ ನೀರಿನಿಂದ ತೊಳೆಯಬೇಕು. ಕೂದಲು, ಉಗುರಿನ ಸಂದು, ಕಂಕುಳು, ತೊಡೆಸಂದು ಮರೆಯಬಾರದು. ಕಣ್ಣಿಗೆ ಬಿದ್ದರೆ ಬರಿ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು. ಬಿಸಿನೀರು ಬೇಡ, ಗಟ್ಟಿಯಾಗಿ ಉಜ್ಜುವುದೂ ಬೇಡ. ಎರಡರಿಂದಲೂ ಹೀರಿಕೆ ಹೆಚ್ಚುತ್ತದೆ. ಹೊರಪದರದಲ್ಲಿ ಉಳಿದ ವಿಷ ಗಂಟೆಗಟ್ಟಲೆ ಒಳಗಿಳಿಯುತ್ತಲೇ ಇರುವುದರಿಂದ, ತಡವಾಗಿ ತೊಳೆದರೂ ಪ್ರಯೋಜನವಿದೆ.

ನೆರವಿಗೆ ಬರುವವರು ಕೈಗವಸು ಹಾಕಿಕೊಳ್ಳಬೇಕು. 1995ರಲ್ಲಿ ಟೋಕಿಯೊದ ಸುರಂಗ ರೈಲಿನಲ್ಲಿ ಸಾರಿನ್ ವಿಷ ಹರಡಿದಾಗ, ರೋಗಿಗಳ ಬಟ್ಟೆಯಿಂದ ಎದ್ದ ಆವಿಯಿಂದ ಆಸ್ಪತ್ರೆಯ ಸಿಬ್ಬಂದಿಯೂ ತೊಂದರೆಗೊಳಗಾದರು. ಸಿಂಪಡಣೆಯ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ನೆನೆಸಬಾರದು. ಅದನ್ನು ಒಗೆಯುವ ತಾಯಂದಿರ ಕೈಗೂ ಗವಸು ಬೇಕು.

ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಟ್ರೋಪಿನ್‌ನಂಥ ಪ್ರತಿವಿಷ ಅಲ್ಲಿದೆ. ಡಬ್ಬಿಯ ಲೇಬಲ್ ಜೊತೆಗಿದ್ದರೆ ವೈದ್ಯರಿಗೆ ಅನುಕೂಲ. ಲೇಬಲ್ ಮೇಲಿನ ವಜ್ರಾಕಾರದ ಗುರುತಿನಲ್ಲಿ ಕೆಂಪು ಬಣ್ಣ ಅತ್ಯಂತ ವಿಷಕಾರಿ ಎಂಬುದರ ಸೂಚನೆ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಹಾಗೆಂದು ಹಸಿರು ನಿರಪಾಯವೇನಲ್ಲ. ಡಬ್ಬಿಯೊಂದಿಗೆ ಬರುವ ಚೀಟಿಯ ಸಣ್ಣ ಅಕ್ಷರಗಳನ್ನು ಓದುವ ತಾಳ್ಮೆ ಹಿರಿಯರಿಗೆ ಇರಲಿಕ್ಕಿಲ್ಲ. ಶಾಲೆಗೆ ಹೋಗುವ ಮಕ್ಕಳು ಅದನ್ನು ಅಪ್ಪನಿಗೆ, ಅಜ್ಜನಿಗೆ ಗಟ್ಟಿಯಾಗಿ ಓದಿ ಹೇಳಬಹುದು, ಪಂಪು ಹೆಗಲೇರುವ ಮೊದಲೇ.