ಪದಕ ಶಾಲೆಗೆ, ತಪ್ಪಿದ ಪಾಠ ಮಗುವಿಗೆ

1962ರ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಕ್ರಿಕೆಟಿಗ ಇ.ಎ.ಎಸ್. ಪ್ರಸನ್ನ ಆಯ್ಕೆಯಾದಾಗ ಅವರ ತಂದೆ ಸುಲಭಕ್ಕೆ ಒಪ್ಪಲಿಲ್ಲ. ಎಂಜಿನಿಯರಿಂಗ್ ಓದುವ ಹುಡುಗ ತಿಂಗಳುಗಟ್ಟಲೆ ಆಟಕ್ಕೆ ಹೋದರೆ ಓದಿನ ಗತಿಯೇನು? ಕ್ರಿಕೆಟ್ ಆಡಳಿತಗಾರ ಎಂ. ಚಿನ್ನಸ್ವಾಮಿಯವರು ನಡುವೆ ಬಂದು, ವಾಪಸಾದ ಮೇಲೆ ಪದವಿ ಮುಗಿಸುತ್ತಾನೆಂದು ಒಪ್ಪಿಸಬೇಕಾಯಿತು. ಪ್ರಸನ್ನ ಹಿಂತಿರುಗುವ ಹೊತ್ತಿಗೆ ತಂದೆ ತೀರಿಕೊಂಡಿದ್ದರು. ಕೊಟ್ಟ ಮಾತಿನಂತೆ ಓದಲು ಕೂತರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ.

ಆ ತಂದೆಯ ಆತಂಕ ಇವತ್ತಿಗೂ ನಮ್ಮ ಮನೆಗಳಲ್ಲಿದೆ. ಅನಿಲ್ ಕುಂಬ್ಳೆ ಮೆಕ್ಯಾನಿಕಲ್ ಎಂಜಿನಿಯರ್, ಜಾವಗಲ್ ಶ್ರೀನಾಥ್ ಕೂಡ ಎಂಜಿನಿಯರ್ ಎಂದು ಸಮಾಧಾನ ಹೇಳುವವರಿದ್ದಾರೆ. ಆದರೆ ಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಖೋ ಖೋ ತಂಡದ ಹುಡುಗಿಗೆ ಆ ಹೆಸರುಗಳಿಂದ ಆಗುವುದೇನೂ ಇಲ್ಲ.

ಅವಳ ವರ್ಷವನ್ನೇ ನೋಡಿ. ಮಳೆಗಾಲದಲ್ಲಿ ವಲಯ ಮಟ್ಟದ ಪಂದ್ಯ. ಗೆದ್ದರೆ ತಾಲ್ಲೂಕು, ಆಮೇಲೆ ಜಿಲ್ಲೆ, ವಿಭಾಗ, ರಾಜ್ಯ. ಗೆದ್ದಷ್ಟೂ ಊರು ದೂರ, ಗೈರುಹಾಜರಿ ಹೆಚ್ಚು. ಅವಳು ಕಂಬದಿಂದ ಕಂಬಕ್ಕೆ ಓಡುವಾಗ ಇತ್ತ ಹತ್ತನೇ ತರಗತಿಯ ಬೋರ್ಡಿನ ಮೇಲೆ ಥೇಲ್ಸ್ ಪ್ರಮೇಯ ಮುಗಿದಿರುತ್ತದೆ. ವಾಪಸು ಬಂದವಳಿಗೆ ಪ್ರಾರ್ಥನೆಯ ವೇಳೆ ಚಪ್ಪಾಳೆ ಸಿಗುತ್ತದೆ, ಕಪ್ಪು ಮುಖ್ಯೋಪಾಧ್ಯಾಯರ ಕೊಠಡಿಯ ಬೀರು ಸೇರುತ್ತದೆ. ಆ ಪ್ರಮೇಯವನ್ನು ಮಾತ್ರ ಯಾರೂ ಮತ್ತೆ ಹೇಳಿಕೊಡುವುದಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಂಕ ಇಳಿದರೆ ಎಲ್ಲರೂ ಬೆರಳು ತೋರಿಸುವುದು ಆಟದ ಕಡೆಗೆ. ಇದು ಅನ್ಯಾಯ.

ಆಟ ಓದಿನ ಶತ್ರುವಲ್ಲ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಓಡಾಡಿದ ದೇಹದಲ್ಲಿ ಮಿದುಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆ, ಗಮನ ನಿಲ್ಲುತ್ತದೆ. (ಹತ್ತನೇ ತರಗತಿ ಬಂತೆಂದರೆ ಪಿಟಿ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುವವರು ಇದನ್ನು ಯೋಚಿಸಬೇಕು.) ಸ್ಪರ್ಧೆಗಿಳಿದ ಮಗುವಿಗೆ ನಿಜವಾಗಿ ಕೊರತೆ ಬೀಳುವುದು ನಿದ್ದೆ. ಹದಿಹರೆಯಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಗಿನ ಜಾವ ಐದಕ್ಕೆ ಮೈದಾನ, ಸಂಜೆ ಮತ್ತೆ ಅಭ್ಯಾಸ, ಆಮೇಲೆ ಟ್ಯೂಷನ್, ಹೋಂವರ್ಕ್ ಎಂದಾದರೆ ಮೊದಲ ಪೀರಿಯಡ್ಡಿನಲ್ಲೇ ಕಣ್ಣು ಎಳೆಯುತ್ತದೆ.

ಅಮೆರಿಕದ ಟೆಕ್ಸಾಸ್ ರಾಜ್ಯ 1984ರಲ್ಲಿ ಪಾಸಾಗದವರಿಗೆ ಆಟವಿಲ್ಲ ಎಂಬ ಕಾನೂನನ್ನೇ ತಂದಿತು. ನಮ್ಮಲ್ಲಿ ಅದನ್ನು ಅಪ್ಪ-ಅಮ್ಮ ಕಾನೂನಿಲ್ಲದೆಯೇ ಜಾರಿಗೆ ತರುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಓದಿನಲ್ಲಿ ಹಿಂದಿರುವ ಎಷ್ಟೋ ಮಕ್ಕಳನ್ನು ದಿನವೂ ಶಾಲೆಗೆ ಎಳೆದು ತರುವುದೇ ಆಟ. ಅದನ್ನೂ ಕಿತ್ತುಕೊಂಡರೆ ಅವರು ಬರುವುದಾದರೂ ಯಾಕೆ?

ಬೇರೆ ದಾರಿಯೂ ಇದೆ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 15 ವರ್ಷದ ಶೂಟರ್ ಅನೀಶ್ ಭನ್ವಾಲಾ ಚಿನ್ನ ಗೆದ್ದಾಗ ಅವನು ಹತ್ತನೇ ತರಗತಿಯಲ್ಲಿದ್ದ. ತಪ್ಪಿಹೋದ ಪರೀಕ್ಷೆಗಳನ್ನು ಬೇರೆ ದಿನ ಬರೆಯಲು ಸಿಬಿಎಸ್‌ಇ ಅವಕಾಶ ಕೊಟ್ಟಿತು. ಪರೀಕ್ಷೆಯ ದಿನವನ್ನೇ ಬದಲಿಸಬಹುದಾದರೆ, ಒಂದು ಪಾಠವನ್ನು ಮತ್ತೊಮ್ಮೆ ಹೇಳಿಕೊಡುವುದು ದೊಡ್ಡ ಮಾತೇನಲ್ಲ. ತಂಡದ ಪಟ್ಟಿ ನೋಟಿಸ್ ಬೋರ್ಡಿಗೆ ಹತ್ತುವ ದಿನವೇ ಪಿಟಿ ಮೇಷ್ಟ್ರೂ ಗಣಿತದ ಮೇಷ್ಟ್ರೂ ಕೂತು, ಯಾವ ಪಾಠ ತಪ್ಪುತ್ತದೆ, ಬಂದ ಮೇಲೆ ಯಾವ ಶನಿವಾರ ಅದನ್ನು ಮಾಡುವುದು ಎಂದು ಬರೆದಿಡಲಿ. ಹುಡುಗಿ ಬಸ್ಸು ಹತ್ತುವ ಮೊದಲೇ ಆ ಚೀಟಿ ಅವಳ ಕೈಯಲ್ಲಿರಲಿ.