ಹಿತ್ತಲಿಗೆ ಕೋಳಿ ಬಂದದ್ದೇಕೆ?

ಹೈದರಾಬಾದಿನಲ್ಲಿ ನಮ್ಮ ಕನ್ನಡ ಸಂಸಾರಗಳು ಒಂದೆಡೆ ಕೂಡಿದಾಗ ಮಾತು ಸಾಮಾನ್ಯವಾಗಿ ಮೂರು ವಿಷಯಗಳ ಸುತ್ತ ತಿರುಗುತ್ತದೆ: ಊರಿನ ಮಳೆ, ಮಕ್ಕಳ ಓದು, ಮನೆಯ ಬಾಡಿಗೆ. ಕಳೆದ ಯುಗಾದಿಯ ಕೂಟದಲ್ಲಿ ಮಾತ್ರ ಈ ಮೂರನ್ನೂ ಪಕ್ಕಕ್ಕೆ ಸರಿಸಿ ನಾಲ್ಕನೆಯದೊಂದು ನಡುವೆ ಬಂದು ಕುಳಿತಿತು. ಅದು ಕೋಳಿ. ಊರ ಹೊರಗೆ ನಿವೇಶನ ಕೊಂಡು ಮನೆ ಕಟ್ಟಿಸಿದ ಮೂರು ಸಂಸಾರಗಳು ಹಿತ್ತಲಿನಲ್ಲಿ ಕೋಳಿ ಸಾಕತೊಡಗಿದ್ದ ಸಂಗತಿ ಅಂದು ಎಲ್ಲರಿಗೂ ತಿಳಿಯಿತು. ಒಬ್ಬರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಇನ್ನೊಬ್ಬರು ಕಾಲೇಜಿನಲ್ಲಿ ಪಾಠ ಹೇಳುವವರು. ಮೂರನೆಯ ಸಂಸಾರ ನಮ್ಮದೇ. “ನಿಮಗೆಲ್ಲ ಇದೇಕೆ ಬೇಕಾಯಿತು?” ಎಂದು ಕೇಳಿದವರಿಗೆ ಆ ಸಂಜೆ ನಗುತ್ತ ಏನೋ ಹೇಳಿ ಜಾರಿಕೊಂಡೆವು. ಆದರೆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಮೊಟ್ಟೆ ಮುಟ್ಟದ ಮನೆಯ ವಾಚಕರು ಇಲ್ಲಿಗೇ ಪುಟ ತಿರುವಬಾರದೆಂದು ಬಿನ್ನಹ. ಕೋಳಿಯ ವಿಷಯದಲ್ಲಿ ಮೊಟ್ಟೆ ಅರ್ಧ ಮಾತ್ರ.

ಕೇಳಿದವರಿಗೆಲ್ಲ ಮೊದಲು ಕೊಡುವ ಉತ್ತರ ಉಳಿತಾಯದ್ದು. ಮನೆಯಲ್ಲೇ ಮೊಟ್ಟೆಯಾದರೆ ಅಂಗಡಿಗೆ ಹಣ ಸುರಿಯುವುದೇಕೆ? ಕೇಳಲು ಚೆನ್ನಾಗಿದೆ, ಲೆಕ್ಕಕ್ಕೆ ಕುಳಿತರೆ ನಿಲ್ಲುವುದಿಲ್ಲ. ಮೊಟ್ಟೆಯಿಡುವ ಒಂದು ಹೇಂಟೆಗೆ ದಿನಕ್ಕೆ ಸುಮಾರು 110 ಗ್ರಾಂ ಆಹಾರ ಬೇಕು. ವರ್ಷಕ್ಕೆ 40 ಕಿಲೋ ಆಯಿತು. ಅಡುಗೆಮನೆಯ ಸೊಪ್ಪುಸದೆ, ಉಳಿದ ಅನ್ನ, ಹಿತ್ತಲಿನ ಹುಳುಹುಪ್ಪಟೆ ಇದರಲ್ಲಿ ಸ್ವಲ್ಪ ಭಾಗವನ್ನು ತುಂಬಬಹುದು. ಮಿಕ್ಕದ್ದನ್ನು ನುಚ್ಚು, ತೌಡು, ಮೆಕ್ಕೆಜೋಳವೆಂದು ನಾವೇ ಕೊಳ್ಳಬೇಕು. ಇಷ್ಟು ತಿಂದು ನಾಟಿ ಕೋಳಿ ವರ್ಷಕ್ಕೆ ಕೊಡುವುದು 50ರಿಂದ 80 ಮೊಟ್ಟೆ. ದೊಡ್ಡ ಕೋಳಿ ಫಾರಮ್ಮಿನವರು ಲಾರಿಗಟ್ಟಲೆ ಮೇವು ತರಿಸುತ್ತಾರೆ, ಅವರ ಕೋಳಿ 300ಕ್ಕೂ ಹೆಚ್ಚು ಮೊಟ್ಟೆಯಿಡುತ್ತದೆ. ಗೂಡಿನ ಮರ, ತಂತಿಬಲೆ, ಲಸಿಕೆ ಎಲ್ಲ ಸೇರಿದರೆ ನಮ್ಮ ಹಿತ್ತಲಿನ ಮೊಟ್ಟೆ ಅಂಗಡಿಯದಕ್ಕಿಂತ ದುಬಾರಿಯೇ. ನಿವೃತ್ತ ಮಿತ್ರರು ಕಲಬುರ್ಗಿ ಕಡೆಯವರು, ಬ್ಯಾಂಕಿನ ಲೆಕ್ಕದಲ್ಲಿ ಪಳಗಿದವರು. ಅವರನ್ನು ಕೇಳಿದಾಗ ಅಂದರು: “ಅಲ್ರೀ ಸರ, ಲೆಕ್ಕಾ ಹಾಕಿದ್ರ ಯಾರೂ ಕೋಳಿ ಸಾಕಂಗಿಲ್ಲ ನೋಡ್ರಿ. ಲೆಕ್ಕಾ ಬಿಟ್ಟವ್ರ ಸಾಕೋದು.”

ಎರಡನೆಯ ಉತ್ತರ ಶುದ್ಧತೆಯದು. ಇದರಲ್ಲಿ ನಿಜವೂ ಇದೆ, ಭ್ರಮೆಯೂ ಇದೆ. ಕಂದು ಮೊಟ್ಟೆಯಲ್ಲಿ ಸತ್ತ್ವ ಹೆಚ್ಚೆಂದು ಎಷ್ಟೋ ಜನ ನಂಬಿದ್ದಾರೆ. ಸಿಪ್ಪೆಯ ಬಣ್ಣ ಕೋಳಿಯ ತಳಿಗೆ ಸಂಬಂಧಿಸಿದ್ದು, ಸತ್ತ್ವಕ್ಕಲ್ಲ. ಹಳದಿ ಭಾಗದ ಬಣ್ಣ ಗಾಢವಾಗುವುದು ಸೊಪ್ಪು, ಮೆಕ್ಕೆಜೋಳ ತಿಂದುದರಿಂದ. ಆದರೆ ಬೆಳಿಗ್ಗೆ ಇಟ್ಟ ಮೊಟ್ಟೆ ಬೆಳಿಗ್ಗೆಯೇ ಕೈಗೆ ಸಿಕ್ಕುತ್ತದೆ, ಕೋಳಿ ಏನು ತಿಂದಿತೆಂಬುದು ನಮ್ಮ ಕಣ್ಣಮುಂದೆಯೇ ಇರುತ್ತದೆ. ಈ ನೆಮ್ಮದಿ ಸುಳ್ಳಲ್ಲ.

ಮೂರನೆಯದು ಕೊರತೆಯ ಭಯ. ಇದು ಇಂದು ನಿನ್ನೆಯದಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸರಕಾರವೇ ಮನೆಮನೆಯಲ್ಲಿ ಕೋಳಿ ಸಾಕಿರೆಂದು ಜನರಿಗೆ ಕರೆಕೊಟ್ಟಿತ್ತು. ಎರಡನೆಯ ಮಹಾಯುದ್ಧದಲ್ಲಿ, 1941ರಲ್ಲಿ, ಇಂಗ್ಲೆಂಡಿನಲ್ಲಿ ಮೊಟ್ಟೆಗೆ ಪಡಿತರ ಬಂತು. ತಮ್ಮ ಪಾಲಿನ ಮೊಟ್ಟೆಯನ್ನು ಬಿಟ್ಟುಕೊಟ್ಟವರಿಗೆ ಅದರ ಬದಲು ಕೋಳಿಗಳಿಗೆ ಮೇವು ಸಿಕ್ಕುತ್ತಿತ್ತು. 2020ರ ವಸಂತದಲ್ಲಿ ಕೊರೋನಾ ಹೆದರಿಕೆಯಿಂದ ಜನ ಮನೆಯೊಳಗೆ ಸೇರಿದಾಗ ಅಮೆರಿಕದಲ್ಲಿ ಕೋಳಿಮರಿಗಳೇ ಸಿಕ್ಕದಂತಾದವು. ಅದೇ ವರ್ಷ ನಮ್ಮಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಕೋಳಿಯಿಂದ ಕೊರೋನಾ ಹರಡುತ್ತದೆಂಬ ಸುಳ್ಳು ಸುದ್ದಿ ಹಬ್ಬಿ, ಕೊಳ್ಳುವವರಿಲ್ಲದೆ, ಕರ್ನಾಟಕದಲ್ಲಿ ಕೆಲವು ಸಾಕಣೆದಾರರು ಜೀವಂತ ಕೋಳಿಗಳನ್ನೇ ಮಣ್ಣಿನಲ್ಲಿ ಹೂಳಿದರು. ಭಯ ಒಂದೇ. ಅದು ಒಂದೆಡೆ ಕೋಳಿಯನ್ನು ಮನೆಗೆ ತರುತ್ತದೆ, ಇನ್ನೊಂದೆಡೆ ಗುಂಡಿಗೆ ತಳ್ಳುತ್ತದೆ.

ಈ ಮೂರೂ ಬಾಯಿಯ ಉತ್ತರಗಳು. ಇವುಗಳ ಹಿಂದೆ ಮತ್ತೊಂದಿದೆಯೆಂದು ನಮಗೆ ತೋರಿದ್ದು ಬ್ಯಾಂಕಿನ ಮಿತ್ರರ ಮಡದಿಯ ಮಾತಿನಿಂದ. ಗೂಡಿನಿಂದ ಮೊಟ್ಟೆ ತೆಗೆದು ಸೆರಗಿನಲ್ಲಿ ಒರೆಸುತ್ತ ಅವರು ಹೇಳಿದರು: “ನಮ್ಮವ್ವ ತತ್ತಿ ಮಾರಿ ನನ್ನ ಪಾಟಿ-ಪುಸ್ತಕಕ್ಕ ರೊಕ್ಕ ಕೊಡತಿದ್ಲರಿ. ಅಪ್ಪಗ ಗೊತ್ತs ಇರತಿದ್ದಿಲ್ಲ. ಎರಡು ಜವಾರಿ ಕೋಳಿ ಇರಲಿಲ್ಲಂದ್ರ ನಾ ಸಾಲೀ ಮುಖ ನೋಡತಿದ್ದಿಲ್ಲ.” ಈ ಮಾತಿಗೆ ನಾವು ಏನನ್ನೂ ಸೇರಿಸಲಾರದೆ ಹೋದೆವು.

ಹಿತ್ತಲ ಕೋಳಿಯ ನಿಜವಾದ ಚರಿತ್ರೆ ಇಲ್ಲಿದೆ. ಹೊಲವಿಲ್ಲದವಳೂ ಕೋಳಿ ಸಾಕಬಲ್ಲಳು. ಹಸುವಿಗೆ ಬೇಕಾದ ಬಂಡವಾಳ ಇದಕ್ಕೆ ಬೇಡ. ಸಂಜೆ ಮಂಕರಿ ಮುಚ್ಚಿದರೆ ಕೊಟ್ಟಿಗೆಯಾಯಿತು. ಮಗುವಿಗೆ ಜ್ವರ ಬಂದಾಗ, ನೆಂಟರು ಬಂದಾಗ, ಸಂತೆಯ ದಿನ ಉಪ್ಪಿಗೆ ಕಾಸಿಲ್ಲದಾಗ ಮಾರಬಹುದಾದ ಸೊತ್ತು ಇದೊಂದೇ. ಗಂಡಸರು ದನದ ಲೆಕ್ಕ ಇಟ್ಟರು, ಕೋಳಿಯ ಲೆಕ್ಕ ಕೇಳಲಿಲ್ಲ. ಆದ್ದರಿಂದಲೇ ಅದು ಹೆಂಗಸಿನ ಕೈಯಲ್ಲಿ ಉಳಿಯಿತು. 2019ರ ಜಾನುವಾರು ಗಣತಿಯಂತೆ ಭಾರತದ ಒಟ್ಟು 85 ಕೋಟಿ ಕೋಳಿಗಳಲ್ಲಿ 31 ಕೋಟಿ 70 ಲಕ್ಷ ಹಿತ್ತಲಿನವು. ಹಿಂದಿನ ಗಣತಿಗಿಂತ ಇದು ನೂರಕ್ಕೆ 45ಕ್ಕೂ ಮಿಕ್ಕು ಏರಿಕೆ. ಇವುಗಳಲ್ಲಿ ಬಹುಪಾಲು ಹಳ್ಳಿಯವು, ನೋಡಿಕೊಳ್ಳುವವರು ಹೆಚ್ಚಾಗಿ ಹೆಂಗಸರು.

ಏತಕ್ಕೆ ಸಾಕುತ್ತೇವೆಂಬುದು ತಿಳಿದರೆ ಯಾವ ಕೋಳಿಯೆಂಬುದೂ ತಿಳಿಯುತ್ತದೆ. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. 21 ದಿನ ಕಳೆದು ಮರಿಯೊಡೆದ ಮೇಲೆ ಅವನ್ನು ಕರೆದುಕೊಂಡು ತಿರುಗುತ್ತದೆ. ಅದಕ್ಕೇ ಮೊಟ್ಟೆ ಕಡಿಮೆ. ಆದರೆ ಸಂತಾನ ಅಲ್ಲಿಯೇ ಮುಂದುವರಿಯುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ, ನಮ್ಮ ಹೈದರಾಬಾದಿನ ರಾಜೇಂದ್ರನಗರದ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ ಮತ್ತು ಗ್ರಾಮಪ್ರಿಯ ಇವು ಹಿತ್ತಲಿಗೆಂದೇ ರೂಪಿಸಿದ ತಳಿಗಳು. ಬಣ್ಣದ ಗರಿಯಿರುವುದರಿಂದ ಹದ್ದಿನ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ನಾಟಿಗಿಂತ ಮೊಟ್ಟೆಯೂ ಹೆಚ್ಚು. ಆದರೆ ಇವು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ, ಮರಿಗಳನ್ನು ಮತ್ತೆ ಮತ್ತೆ ಕೊಂಡು ತರಬೇಕು.

ಪಟ್ಟಣದವರಿಗೆ ಒಂದು ಮಾತು. ಮೊಟ್ಟೆಗೆ ಹುಂಜ ಬೇಕಿಲ್ಲ. ಮರಿ ಮಾಡಿಸುವುದಿದ್ದರೆ ಮಾತ್ರ ಬೇಕು. ತನ್ನ ಕೋಳಿ ಕೂಗದಿದ್ದರೆ ಬೆಳಗಾಗದೆಂದು ನಂಬಿದ ಅಜ್ಜಿ ಹಳ್ಳಿಯಲ್ಲಿದ್ದಳು. ನಗರದ ನೆರೆಯವರಿಗೆ ನಾಲ್ಕು ಗಂಟೆಗೇ ಬೆಳಗಾಗುವುದು ಬೇಕಿಲ್ಲ. ಅವರ ಒಪ್ಪಿಗೆಯನ್ನೂ ನಗರಸಭೆಯ ನಿಯಮವನ್ನೂ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಇನ್ನು ನಮ್ಮ ತಪ್ಪನ್ನು ಹೇಳಿಕೊಳ್ಳಬೇಕು. ನಾವು ಮೊದಲು ತಂದದ್ದು ಆರು ಹೇಂಟೆ. ಆರು ಕೋಳಿಗೆ ಲಸಿಕೆಯ ಉಪದ್ವ್ಯಾಪವೇಕೆಂದು ಸುಮ್ಮನಾದೆವು. ಬೇಸಗೆಯ ಒಂದು ಮುಂಜಾನೆ ಒಂದು ಹೇಂಟೆ ಬಾಯ್ದೆರೆದು ಉಸಿರಾಡುತ್ತಿತ್ತು, ಹಸಿರು ಬೇಧಿಯಿತ್ತು. ಮರುದಿನ ಇನ್ನೊಂದರ ಕತ್ತು ತಿರುಚಿಕೊಂಡಿತು. ನಾಲ್ಕು ದಿನಗಳಲ್ಲಿ ನಾಲ್ಕು ಹೋದವು. ಅದು ಕೊಕ್ಕರೆ ರೋಗ, ಪಶುವೈದ್ಯರು ರಾಣಿಖೇತ್ ಎನ್ನುವುದು. ಬಂದ ಮೇಲೆ ಮದ್ದಿಲ್ಲ, ಬರುವ ಮೊದಲು ಲಸಿಕೆಯಿದೆ. ಮರಿ ಹುಟ್ಟಿದ ಮೊದಲ ವಾರದಲ್ಲೇ ಕಣ್ಣಿಗೊಂದು ಹನಿ, ಆಮೇಲೆ ವೈದ್ಯರು ಹೇಳಿದ ಹೊತ್ತಿಗೆ ಮತ್ತೆ. ಆದರೆ ಲಸಿಕೆಯ ಸೀಸೆ ಬರುವುದು ನೂರು, ಇನ್ನೂರು ಕೋಳಿಗಳ ಲೆಕ್ಕದಲ್ಲಿ. ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಒಬ್ಬರ ಹಿತ್ತಲಿಗೆ ಅದು ಹೊಂದುವ ಮಾತಲ್ಲ. ಹಳ್ಳಿಯಲ್ಲಿ ಕೇರಿಯೇ ಸೇರಿ ಹಾಕಿಸುವುದು ಅದಕ್ಕೇ. ಈಗ ನಾವು ಮೂರು ಮನೆಯವರೂ ಪಕ್ಕದ ಹಳ್ಳಿಯವರೊಡನೆ ಕೂಡಿ ಒಂದೇ ದಿನ ಲಸಿಕೆ ಹಾಕಿಸುತ್ತೇವೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಭಾರತದ ಮೊದಲ ಹಕ್ಕಿಜ್ವರ ಕಾಣಿಸಿಕೊಂಡಿತು, ಆಮೇಲೆ ಮತ್ತೆ ಮತ್ತೆ ಬಂದಿದೆ. ಕಾರಣ ತಿಳಿಯದೆ ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. ಗೂಡಿನಿಂದ ಬಂದ ಮಕ್ಕಳು ಸಾಬೂನಿನಿಂದ ಕೈ ತೊಳೆಯಲೇಬೇಕು.

ಕೊನೆಯದಾಗಿ, ಕೋಳಿ ತರುವ ಮೊದಲು ಯಾರೂ ಕೇಳಿಕೊಳ್ಳದ ಪ್ರಶ್ನೆಯೊಂದಿದೆ. ಹೇಂಟೆ ಚೆನ್ನಾಗಿ ಮೊಟ್ಟೆಯಿಡುವುದು ಎರಡು ಮೂರು ವರ್ಷ. ಬದುಕುವುದು ಐದರಿಂದ ಎಂಟು ವರ್ಷ. ನಡುವಿನ ವರ್ಷಗಳಿಗೆ ಏನು ಮಾಡುತ್ತೀರಿ? ಕಾಲೇಜಿನ ಮಿತ್ರರ ಮನೆಯಲ್ಲಿ ಮುದಿ ಕೋಳಿ ಸಾರಾಯಿತು, ಮುದ್ದೆಯೊಡನೆ. ಅವರ ಹಿರಿಯರು ಮಾಡಿದ್ದೂ ಅದನ್ನೇ, ಅದರಲ್ಲಿ ತಪ್ಪು ಹುಡುಕಲು ನಾವಾರು? ಉಳಿತಾಯಕ್ಕೆಂದು ಸಾಕಿದವರಿಗೆ ಉತ್ತರ ಸುಲಭ. ಹೆಸರಿಟ್ಟು ಕರೆದವರಿಗೆ ಕಷ್ಟ.

ರೋಗದಲ್ಲಿ ಉಳಿದ ನಮ್ಮ ಎರಡು ಹೇಂಟೆಗಳಲ್ಲಿ ಒಂದು ಈಗ ವಾರಕ್ಕೊಂದು ಮೊಟ್ಟೆಯಿಟ್ಟರೆ ಹೆಚ್ಚು. ಏನು ಮಾಡೋಣವೆಂದು ನಾವು ಮನೆಯಾಕೆಯನ್ನು ಕೇಳಿದೆವು. ಮೊರದಿಂದ ನುಚ್ಚು ಎರಚುತ್ತಿದ್ದವಳು ತಲೆಯೆತ್ತದೆ ಹೇಳಿದಳು: “ಇಷ್ಟು ದಿನ ಅದು ನಮಗೆ ಹಾಕಿತು. ಇನ್ನು ನಾವು ಅದಕ್ಕೆ ಹಾಕೋಣ.”

ಮುಂದಿನ ಯುಗಾದಿಗೆ ಯಾರಾದರೂ ಕೋಳಿ ಸಾಕಿದ್ದೇಕೆಂದು ಕೇಳಿದರೆ ಇದನ್ನೇ ಹೇಳುವುದೆಂದು ನಿಶ್ಚಯಿಸಿದ್ದೇವೆ.